ದುಭಾಷಿಯ ಮೂರು ರಾತ್ರಿ

ಕೋಟಯಂನಿಂದ ಬಂದ ಉಪದೇಶಿಗಳು
ಮಲಯಾಳದಲ್ಲಿ ಗುಡುಗುವರು,
ಪಕ್ಕದ ಮೈಕಿನಲ್ಲಿ ನಾನು ಕನ್ನಡದ ಮಳೆ ಸುರಿಸಬೇಕು.
ಜೆಪ್ಪುವಿನ ದೇವಾಲಯದ ಅಂಗಳ, ಬಾಡಿಗೆಯ ಕುರ್ಚಿ,
ಅಕ್ಟೋಬರಿನ ಬೆವರು, ಟ್ಯೂಬ್‌ಲೈಟಿಗೆ ಮುತ್ತಿದ ಹಾತೆ.
ನೇತ್ರಾವತಿ ಸೇತುವೆ ಮೇಲೆ ಗೂಡ್ಸು ಗಾಡಿ ಹೋಗುವಾಗ
ಇಬ್ಬರೂ ಸುಮ್ಮನಾಗುತ್ತಿದ್ದೆವು.
ಮೂರು ರಾತ್ರಿಯಲ್ಲಿ ನಾವು ಒಮ್ಮತಪಟ್ಟದ್ದು ಅದೊಂದಕ್ಕೇ.

ನಿವೃತ್ತ ಕನ್ನಡ ಮಾಷ್ಟ್ರು ನಾನು,
ಕಾಗುಣಿತ ತಪ್ಪಿದ ಮಕ್ಕಳ ಗೆಣ್ಣಿಗೆ
ಫುಟ್‌ರೂಲಿನಲ್ಲಿ ಹೊಡೆದವನು.
ಬಿರುಮಾತು ನನಗೆ ಹೊಸದಲ್ಲ.
ಆದರೂ ಮೊದಲ ರಾತ್ರಿ ಅವರು ಬೆರಳೆತ್ತಿ
‘ಪಿಳಚ್ಚವಳ್’ ಎಂದು ಕೂಗಿದಾಗ
ಕೊನೆಯ ಸಾಲಿನಲ್ಲಿ ತಬಿತಾ ಸೆರಗು ಸರಿಮಾಡಿಕೊಂಡಳು.
ಗಂಡನನ್ನು ಬಿಟ್ಟು, ಬಂದರಿನ ಐಸ್ ಫ್ಯಾಕ್ಟರಿಯ ರೈಟರನ ಜೊತೆ
ಎರಡು ವರ್ಷ ಇದ್ದು, ಅವನೂ ಕೈಬಿಟ್ಟ ಮೇಲೆ
ಅಮ್ಮನ ಮನೆಗೆ ಮರಳಿದವಳು. ಊರಿಗೆಲ್ಲ ಗೊತ್ತು.
ಕೆಟ್ಟುಹೋದವಳು, ಹಾದರಗಿತ್ತಿ,
ಮಾತುಗಳು ಸಾಲಾಗಿ ನಿಂತಿದ್ದವು ನನ್ನ ಹಲ್ಲಿನ ಹಿಂದೆ.
ನಾನೆಂದೆ: ‘ದಣಿದು ದಾರಿ ತಪ್ಪಿದವಳು.’
ಉಪದೇಶಿಗಳು ಓರೆಗಣ್ಣಲ್ಲಿ ನೋಡಿದರು,
ತಮ್ಮ ಒಂದು ಪದ ಮೂರಾದದ್ದು ಹೇಗೆಂದು.

ಅವರ ಭಾಷೆಗೆ ಪಾಪಂ ಬೇರೆ, ಪಾವಂ ಬೇರೆ.
ಒಂದಕ್ಕೆ ಬೆಂಕಿ, ಒಂದಕ್ಕೆ ಕನಿಕರ, ನಡುವೆ ಬೇಲಿ.
ನಮ್ಮಲ್ಲಿ ಎರಡಕ್ಕೂ ಒಂದೇ.
ಅವರು ಪಾಪಂ ಎಂದು ಮೇಜು ಗುದ್ದಿದರೆ
ನಾನು ಪಾಪ ಎನ್ನುತ್ತೇನೆ,
ಮುದುಕಿಯರು ಲೊಚಗುಟ್ಟುತ್ತಾರೆ
ಯಾರದೋ ಮಗು ಜಾರಿ ಬಿದ್ದ ಹಾಗೆ.

ಎರಡನೆಯ ರಾತ್ರಿ ಬಡವರ ನಿಧಿಯ ಮಾತು.
ಮುಂದಿನ ಸಾಲಿನಲ್ಲಿ ಖಜಾಂಚಿ ಸತ್ಯವೀರರು, ಕಾಲ ಮೇಲೆ ಕಾಲು.
ವಿಧವೆಯರ ಕಂತು ಆರು ತಿಂಗಳಿಂದ ಬಂದಿಲ್ಲ,
ಅವರ ಮಹಡಿಗೆ ಹೊಸ ಗ್ರಾನೈಟು ಬಂದಿದೆ.
‘ಕಳ್ಳನ್!’ ಎಂದರು ಉಪದೇಶಿಗಳು. ಪರವೂರಿನವರು, ಅವರಿಗೇನು ಗೊತ್ತು.
ನಾನು ಗಂಟಲು ಸರಿಮಾಡಿ
‘ಲೆಕ್ಕದಲ್ಲಿ ಸ್ವಲ್ಪ ಎಚ್ಚರ ತಪ್ಪಿದವರು’ ಎಂದೆ.
ಸಭೆ ಕಿಸಕ್ಕೆಂದಿತು.
ಚಂದ್ರಗಿರಿಯ ಆಚೆಗೂ ಈಚೆಗೂ ಕಳ್ಳ ಕಳ್ಳನೇ,
ಆ ಪದಕ್ಕೆ ದುಭಾಷಿ ಬೇಕಿರಲಿಲ್ಲ.

ಗೇಟಿನ ಬಳಿ ತಬಿತಾ, ಚಪ್ಪಲಿಯ ಬಾರು ಸಿಕ್ಕಿಸುತ್ತ:
‘ಮಾಷ್ಟ್ರೇ, ನಾನು ತಲಶ್ಶೇರಿಯಲ್ಲಿ ಎಂಟು ವರ್ಷ ಇದ್ದವಳು.
ನಿನ್ನೆ ಅವರು ಹೇಳಿದ್ದೂ ಕೇಳಿತು, ನೀವು ನುಂಗಿದ್ದೂ ಕೇಳಿತು.
ಬೈಗುಳ ಎಂತ, ಅಭ್ಯಾಸ ಉಂಟು.
ನಿಮ್ಮ ಆ “ದಣಿದು” ಮಾತ್ರ ಮಲಗಲು ಬಿಡಲಿಲ್ಲ.
ಹೌದಲ್ಲ, ದಣಿದಿದ್ದೆ ಅಂತ ಅತ್ತೆ.’
ಬಾರು ಸಿಕ್ಕಿತು. ತಲೆಯೆತ್ತಿದಳು.
‘ಇವತ್ತು ಅವರಿಗೆ ಕೊಟ್ಟ ಮೆತ್ತಗಿನ ಮಾತು,
ಅದೂ ಅದೇ ಅಂಗಡಿಯದ್ದಾ?’

ಬೋಳಾರದ ಇಳಿಜಾರಿನಲ್ಲಿ ಒಬ್ಬನೇ ನಡೆದೆ.
ಕರ್ತನೂ ಬೈದವನೇ. ವ್ಯಾಪಾರದ ಮೇಜು ಮಗುಚಿದವನು,
ಉದ್ದ ನಿಲುವಂಗಿಯವರನ್ನು ಹಾವೆಂದವನು,
ಜನ ಎಳೆದು ತಂದವಳ ಎದುರು ಮಾತ್ರ
ಬಗ್ಗಿ ಮಣ್ಣಿನಲ್ಲಿ ಏನೋ ಗೀಚುತ್ತ ಕೂತವನು.
ನಾನು ಅವಳಿಗೆ ಮರುಗಿ ಮೆತ್ತಗಾದೆ, ಇವರಿಗೆ ಹೆದರಿ.
ಒಂದೇ ನಾಲಗೆ, ಒಂದೇ ಸಕ್ಕರೆ.

ಮೂರನೆಯ ರಾತ್ರಿ, ವೇದಿಕೆ ಏರುವ ಮುಂಚೆ
ಸತ್ಯವೀರರು ಲಕೋಟೆ ಕೊಟ್ಟರು:
‘ನಿಮ್ಮ ಗೌರವಧನ, ಸಭೆಯ ಲೆಕ್ಕದಿಂದ.’
ಬೆವರಿಗೆ ಅದು ಅಂಗಿಯ ಕಿಸೆಗೆ ಅಂಟಿಕೊಂಡಿತು.
ಉಪದೇಶಿಗಳು ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬಂದರು: ‘ಕಳ್ಳನ್.’
ಗೂಡ್ಸು ಗಾಡಿ ಬಂದೀತೇ ಎಂದು ಕಾದೆ.
ಬರಲಿಲ್ಲ.
‘ಕಳ್ಳ’ ಎಂದೆ.
ಸಣ್ಣ ದನಿಯೇ. ಆದರೆ ಗೇಟಿನ ಮೇಲಿನ ಹಾರ್ನಿಗೆ ಹೋಗಿ
ಎದುರಿನ ಗೋಡೆಗೆ ಬಡಿದು ಮರಳಿ
ನೇರ ನನ್ನ ಕಿಸೆಗೇ ಬಂತು: ಕಳ್ಳ.

ಸತ್ಯವೀರರು ಕಾಲು ಕೆಳಗಿಳಿಸಿದರು.
ಹಿಂದಿನ ಸಾಲಿನಲ್ಲಿ ಯಾರೋ ‘ಪಾಪ’ ಅಂದರು.
ಯಾವ ಪಾಪ, ಯಾರಿಗೆ,
ತಿಳಿಯಲಿಲ್ಲ.